ನಿಮಗಿದು ಗೊತ್ತೇ? ಜಾತ್ರೆ ಬಯಲಿನಿಂದ ಟಿ.ವಿ. ಪರದೆಗೆ ಬಂದ ಹಳ್ಳಿ ಹಾಡು

ನಮ್ಮ ಮಂಡ್ಯ ಜಿಲ್ಲೆಯ ಕೆರಗೋಡು ಹೋಬಳಿಯಿಂದ ಹಿಡಿದು ಮದ್ದೂರು, ಮಳವಳ್ಳಿಯವರೆಗೆ ಸೋಬಾನೆ ಹೇಳುವ ಅಜ್ಜಿಯೋ, ತಂಬೂರಿ ಹಿಡಿದ ನೀಲಗಾರರೋ, ಕಂಸಾಳೆ ಬೀಸುವ ಗುಡ್ಡರೋ ಇಲ್ಲದ ಊರು ಕಡಿಮೆ. ಇಂಥ ಹಾಡುಗಾರರು ರೇಡಿಯೊ ಮೈಕಿನ ಮುಂದೆ, ಆಮೇಲೆ ಟಿ.ವಿ. ಕ್ಯಾಮೆರಾ ಮುಂದೆ ಬಂದು ನಿಂತಿದ್ದು ಹೇಗೆ? ನಮ್ಮೂರ ಸುದ್ದಿಯ ಜೊತೆಗೆ ಕಡಲಾಚೆಯ ರೈತರ ಹಾಡಿನ ಸುದ್ದಿಯೂ ಇಲ್ಲಿದೆ.

● ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರ ಮೇಳಕ್ಕೆ ತಂಬೂರಿ, ಡಮ್ಮಡಿ, ಗಗ್ಗರ, ತಾಳ ಇಷ್ಟಿದ್ದರೆ ಸಾಕು. ಈ ಪರಂಪರೆಯ ಮುಖ್ಯ ಗದ್ದುಗೆಗಳಲ್ಲಿ ಒಂದಾದ ಬೊಪ್ಪೇಗೌಡನಪುರ ಇರುವುದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ.

● ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಚಂದ್ರಮಂಡಲೋತ್ಸವ. ಮಂಡ್ಯ ಸೀಮೆಯಿಂದಲೂ ಭಕ್ತರು ಅಲ್ಲಿಗೆ ಹೋಗುತ್ತಾರೆ. ನೀಲಗಾರರಿಗೆ ಅದಕ್ಕಿಂತ ದೊಡ್ಡ ವೇದಿಕೆ ಇನ್ನೊಂದಿಲ್ಲ.

● ಕಂಸಾಳೆ ಎಂದರೆ ಕಂಚಿನ ಜೋಡಿ ವಾದ್ಯ. ಒಂದು ಬಟ್ಟಲಿನಂತೆ, ಇನ್ನೊಂದು ತಟ್ಟೆಯಂತೆ. ಅದನ್ನು ಹಿಡಿಯುವವರು ಮಲೆ ಮಹದೇಶ್ವರನಿಗೆ ಹರಕೆ ಹೊತ್ತ ದೇವರಗುಡ್ಡರು. ಕೂತು ಕಥೆ ಹಾಡುವಾಗ ಅದೇ ತಾಳ, ಎದ್ದು ಕುಣಿದರೆ ಅದೇ ಬೀಸು ಕಂಸಾಳೆ.

● ಮೈಸೂರಿನಲ್ಲಿ ರೇಡಿಯೊ ಶುರು ಮಾಡಿದ್ದು ಸರ್ಕಾರವಲ್ಲ, ಒಬ್ಬ ಮೇಷ್ಟರು! ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟದೊಂದು ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರಕ್ಕೆ ಇಳಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಮನೆಯಿಂದ.

● ಬೆಂಗಳೂರು ಆಕಾಶವಾಣಿ 1955ರಲ್ಲಿ ಬಂತು. ಅದರ ಗ್ರಾಮಸ್ಥರ ಕಾರ್ಯಕ್ರಮದಲ್ಲಿ ಹಳ್ಳಿ ಮಾತಿನ ಸೊಗಡು ಹರಿಸಿ, 'ಈರಣ್ಣ' ಎಂದೇ ಮನೆಮಾತಾದವರು ರಂಗಕರ್ಮಿ ಎ.ಎಸ್. ಮೂರ್ತಿ. ಬಿತ್ತನೆ, ಗೊಬ್ಬರದ ಮಾತಿನ ನಡುವೆ ಜನಪದ ಗೀತೆಗೂ ರೇಡಿಯೊದಲ್ಲಿ ಜಾಗ ಇತ್ತು.

● ಅಮೆರಿಕದಲ್ಲೂ ಹೀಗೇ ಆಯಿತು. ಷಿಕಾಗೋದ ಡಬ್ಲ್ಯು.ಎಲ್.ಎಸ್. ರೇಡಿಯೊ 1924ರ ಏಪ್ರಿಲ್ 19ರಂದು 'ಬಾರ್ನ್ ಡ್ಯಾನ್ಸ್' ಕಾರ್ಯಕ್ರಮ ಆರಂಭಿಸಿತು. ಬಾರ್ನ್ ಎಂದರೆ ರೈತರ ಕಣಜ, ಕೊಟ್ಟಿಗೆ. ಸುಗ್ಗಿ ಮುಗಿಸಿದವರು ಅಲ್ಲಿ ಸೇರಿ ಹಾಡಿ ಕುಣಿಯುತ್ತಿದ್ದರು. ಆ ರೇಡಿಯೊ ಕೇಂದ್ರ ನಡೆಸುತ್ತಿದ್ದದ್ದು ರೈತರಿಗೆ ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿ.

● ಮರುವರ್ಷ, 1925ರ ನವೆಂಬರ್ 28ರಂದು, ನ್ಯಾಶ್‌ವಿಲ್‌ನ ಒಂದು ರೇಡಿಯೊ ಕೇಂದ್ರದಲ್ಲಿ ಅಂಕಲ್ ಜಿಮ್ಮಿ ಥಾಮ್ಸನ್ ಎಂಬ 77 ವರ್ಷದ ಅಜ್ಜ ಪಿಟೀಲು ಬಾರಿಸಿದರು. ಜಗತ್ಪ್ರಸಿದ್ಧ 'ಗ್ರ್ಯಾಂಡ್ ಓಲ್ ಆಪ್ರಿ' ಹುಟ್ಟಿದ್ದು ಆ ರಾತ್ರಿ. ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ.

● ಅಮೆರಿಕದ ಟಿ.ವಿ.ಯಲ್ಲಿ ಹಳ್ಳಿ ಹಾಡುಗಾರರಿಗೆ ದೊಡ್ಡ ಬಾಗಿಲು ತೆರೆದದ್ದು 'ಓಝಾರ್ಕ್ ಜುಬಿಲಿ'. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಿಂದ 1955ರ ಜನವರಿಯಲ್ಲಿ ಆರಂಭವಾಗಿ 1960ರವರೆಗೆ ದೇಶದುದ್ದಕ್ಕೂ ನೇರ ಪ್ರಸಾರವಾಯಿತು. ನಡೆಸಿಕೊಡುತ್ತಿದ್ದವರು ಗಾಯಕ ರೆಡ್ ಫೋಲಿ. 1956ರಲ್ಲಿ ಅಲ್ಲಿ ಹಾಡಿ ದೇಶದ ಗಮನ ಸೆಳೆದ ಬ್ರೆಂಡಾ ಲೀಗೆ ಆಗ ಬರೀ 11 ವರ್ಷ.

● ಆ ಕಾಲದ ನೇರ ಪ್ರಸಾರದಲ್ಲಿ ತಪ್ಪಿದರೆ ಮತ್ತೆ ಹಾಡುವ ಅವಕಾಶ ಇರಲಿಲ್ಲ. ಉಳಿಸಿಕೊಳ್ಳುವುದೂ ಸುಲಭವಿರಲಿಲ್ಲ. ಟಿ.ವಿ. ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರ ತೆಗೆಯಬೇಕಿತ್ತು. ಇದಕ್ಕೆ ಕಿನೆಸ್ಕೋಪ್ ಎನ್ನುತ್ತಿದ್ದರು. ಅಮೆರಿಕದ ಹಳ್ಳಿ ಹಾಡು ಎನಿಸಿದ ಕಂಟ್ರಿ ಸಂಗೀತದ ದೊರೆ ಹ್ಯಾಂಕ್ ವಿಲಿಯಮ್ಸ್ ಹಾಡುವುದನ್ನು ಇಂದು ಕಣ್ಣಾರೆ ನೋಡಲು ಉಳಿದಿರುವುದು ಬೆರಳೆಣಿಕೆಯ ದೃಶ್ಯಗಳು. ಅವುಗಳಲ್ಲಿ 1952ರ ಕೇಟ್ ಸ್ಮಿತ್ ಟಿ.ವಿ. ಕಾರ್ಯಕ್ರಮದ್ದು ಮುಖ್ಯ.

● ಕನ್ನಡ ಟಿ.ವಿ. ಮೊದಲು ಮೂಡಿದ್ದು ಬೆಂಗಳೂರಿನಲ್ಲಿ ಅಲ್ಲ, ಹಳ್ಳಿಗಳಲ್ಲಿ! 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ, ನಾಸಾ ಎರವಲು ಕೊಟ್ಟ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ಅವುಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. ಕೋಳಿ ಬಲೆಯ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೊಂದೇ ಟಿ.ವಿ., ಅದರ ಮುಂದೆ ಊರಿಗೆ ಊರೇ.

● ದೂರದರ್ಶನ ಕೇಂದ್ರ ಕಲಬುರಗಿಗೆ 1977ರಲ್ಲೇ ಬಂತು. ರಾಜಧಾನಿ ಬೆಂಗಳೂರು 1981ರವರೆಗೆ ಕಾಯಬೇಕಾಯಿತು.

● ಮೈಕ್, ಕ್ಯಾಮೆರಾ ಬಂದಾಗ ನಮ್ಮ ಹಾಡುಗಾರರಿಗೆ ಎದುರಾದ ದೊಡ್ಡ ಕಷ್ಟ ಗಡಿಯಾರದ್ದು. ಜಾತ್ರೆಯಲ್ಲಿ ಸಿದ್ದಪ್ಪಾಜಿ ಕಥೆ ಬೆಳಗಾಗುವವರೆಗೂ ಸಾಗುತ್ತದೆ. ನಡುವೆ ಮಾತಿದೆ, ನಗೆ ಇದೆ, ಕೇಳುವವರು ಸೈ ಎಂದರೆ ಒಂದೇ ಸಾಲು ಹತ್ತು ಬಗೆಯಲ್ಲಿ ಬೆಳೆಯುತ್ತದೆ. ಸ್ಟುಡಿಯೊದಲ್ಲಿ ಸಿಗುವುದು ನಿಮಿಷಗಳ ಲೆಕ್ಕ. ಸೊಲ್ಲಿಗೆ ಸೊಲ್ಲು ಕೊಡುವ ಜನ ಎದುರಿಗಿಲ್ಲ. ಅಷ್ಟರಲ್ಲೇ ಕಥೆಯ ಜೀವ ಹಿಡಿದು ಹಾಡಿ ಎದ್ದು ಬಂದವರ ಜಾಣ್ಮೆ ಸಣ್ಣದಲ್ಲ.

● ಆ ಗಡಿಯಾರದ ಕಟ್ಟನ್ನು ಬಿಡಿಸಿದ್ದು ಕ್ಯಾಸೆಟ್. ಕಂತು ಕಂತಾಗಿ ಇಡೀ ಕಥೆಯನ್ನೇ ಹಾಡಿ ಕೊಡಬಹುದಾಯಿತು. ಮಳವಳ್ಳಿ ಮಹದೇವಸ್ವಾಮಿ ಅವರ ದನಿ ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯ ಮನೆ, ಹೋಟೆಲು, ಟೆಂಪೊಗಳನ್ನೆಲ್ಲ ತುಂಬಿದ್ದು ಹೀಗೆ. ಓದು ಬರಹ ಬಾರದ ಹಿರಿಯರಿಗೂ ಅವರ ಹೆಸರು ಗೊತ್ತು.

● ಹಳ್ಳಿ ಹಾಡನ್ನು ಉಳಿಸಲು ಹೊರಟ ಇಬ್ಬರು ದೊಡ್ಡವರು ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು. ಮೊದಲನೆಯವರು ಜೀ.ಶಂ. ಪರಮಶಿವಯ್ಯ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದದ್ದರ ಹಿಂದೆ ಅವರ ದುಡಿಮೆ ಇದೆ. ಎರಡನೆಯವರು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಐ.ಎ.ಎಸ್. ಅಧಿಕಾರಿಯಾಗಿದ್ದ ಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ರಾಮನಗರದ ಬಳಿ ಹೆದ್ದಾರಿಯ ಪಕ್ಕದ ಜಾನಪದ ಲೋಕ ಅವರ ಕನಸು. ಹಾಡುಗಾರರ ದನಿ, ದೃಶ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ.

● ನಾಗೇಗೌಡರು ಒಬ್ಬ ಹಾಡುಗಾರ್ತಿಯ ಪದಗಳನ್ನು ಪುಸ್ತಕ ಮಾಡಿದಾಗ ಅದಕ್ಕೆ ಇಟ್ಟ ಹೆಸರು 'ಸೋಬಾನೆ ಚಿಕ್ಕಮ್ಮನ ಪದಗಳು'. ಸಂಗ್ರಹಿಸಿದವರಿಗಿಂತ ಮೊದಲು ಕಣ್ಣಿಗೆ ಬೀಳುವುದು ಹಾಡಿದ ತಾಯಿಯ ಹೆಸರು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ ಮಲೆ ಮಾದೇಶ್ವರ ಕಾವ್ಯ ಇಂಗ್ಲಿಷಿಗೆ ಹೋದಾಗಲೂ ಶೀರ್ಷಿಕೆಯಲ್ಲೇ ಮಾದಯ್ಯನವರ ಹೆಸರು ಉಳಿಯಿತು.

● ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ ಎನಿಸಿದ್ದ ಉತ್ತರ ಕನ್ನಡದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ರಾಷ್ಟ್ರಪತಿಗಳ ಎದುರು ನಿಂತಿದ್ದು ಹಾಡಿನ ಬಲದಿಂದ.

● ಹಾವೇರಿ ಜಿಲ್ಲೆಯ ಕುರಿಗಾಹಿ ಹುಡುಗ ಹನುಮಂತ ಲಮಾಣಿ 2018ರಲ್ಲಿ ಜೀ ಕನ್ನಡದ 'ಸರಿಗಮಪ' ವೇದಿಕೆಗೆ ಪಂಚೆ, ಟವೆಲ್‌ನಲ್ಲೇ ಬಂದು ಹಾಡಿ, ಆ ಆವೃತ್ತಿಯ ರನ್ನರ್ ಅಪ್ ಆದರು. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡ 11ನೇ ಆವೃತ್ತಿಯನ್ನೂ ಗೆದ್ದರು. ಕುರಿ ಹಿಂದೆ ಹೋಗುತ್ತ ಕಲಿತ ಹಾಡಿಗೆ ನಾಡಿನ ಮನೆಮನೆಯ ಟಿ.ವಿ. ಕಿವಿಗೊಟ್ಟಿತು.

● ಕೊನೆಯದಾಗಿ, ಎಲ್ಲರೂ ನೆನಪಿಡಬೇಕಾದ ಮಾತು. ಹಾಡಿನ ಕೆಳಗೆ 'ಜನಪದ' ಎಂದು ಬರೆದರೆ ಕಟ್ಟಿದವರು ಯಾರೆಂದು ತಿಳಿಯದು ಎಂದಷ್ಟೇ ಅರ್ಥ. ಹಾಡಿದವರಿಗೆ ಹೆಸರಿದೆ, ಊರಿದೆ, ಕಲಿಸಿದ ಗುರುವಿದ್ದಾರೆ. ಅಂಕಲ್ ಜಿಮ್ಮಿಯ ಹೆಸರು ನೂರು ವರ್ಷದ ಮೇಲೂ ಉಳಿದದ್ದು ಆ ರಾತ್ರಿ ಬಾರಿಸಿದವರು ಯಾರೆಂದು ಬರೆದಿಟ್ಟಿದ್ದರಿಂದ. ನಿಮ್ಮೂರಿನ ಹಬ್ಬದಲ್ಲೋ ಮದುವೆ ಮನೆಯಲ್ಲೋ ಯಾರಾದರೂ ಹಾಡಿದರೆ, ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು, ತಾರೀಖು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಮೊದಲಿಗೆ ಹೇಳಿಸಿ. ಹಂಚುವಾಗ ಆ ಭಾಗ ಕತ್ತರಿಸಬೇಡಿ. ಕೆರಗೋಡಿನ ಸೋಬಾನೆ ಅಜ್ಜಿಗೆ ಸಲ್ಲಬೇಕಾದ ಮೊದಲ ಗೌರವ ಅದೇ.