ಓದಿದ್ದರಲ್ಲಿ ಶೇ 10 ಮಾತ್ರ ನೆನಪಿರುತ್ತದೆಯೇ? ಪಾಠಕ್ಕೊಂದು ಹಂದರ ಹಾಕಿ ನೋಡಿ

"ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30 ಮಾತ್ರ ನೆನಪಿರುತ್ತದೆ" ಎನ್ನುವ ತ್ರಿಕೋನದ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. "ಹಾಗಾದರೆ ಪುಸ್ತಕ ಓದಿ ಏನು ಪ್ರಯೋಜನ?" ಎಂದು ಮಕ್ಕಳು ಕೇಳಿದರೆ ಏನು ಹೇಳುವುದು?

ಈ ಅಂಕಿಗಳು ಎಲ್ಲಿಂದ ಬಂದವು?

ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ತಮ್ಮ ಪುಸ್ತಕದಲ್ಲಿ ಇಂಥದ್ದೊಂದು ಶಂಕುವಿನ ಚಿತ್ರ ಕೊಟ್ಟಿದ್ದರು. ಅದರಲ್ಲಿ ಒಂದೇ ಒಂದು ಶೇಕಡಾವಾರು ಅಂಕಿ ಇರಲಿಲ್ಲ. ಅಂಕಿಗಳನ್ನು ಆಮೇಲೆ ಯಾರೋ ಸೇರಿಸಿದರು. ಅವುಗಳಿಗೆ ಪ್ರಯೋಗದ ಆಧಾರವಿಲ್ಲ. ಎಷ್ಟು ನೆನಪಿರುತ್ತದೆ ಎಂಬುದು ಹೇಗೆ ಓದಿದಿರಿ ಎಂಬುದನ್ನೂ ಅವಲಂಬಿಸಿರುತ್ತದೆ.

ಹಳದಿ ಗೆರೆ ಏಕೆ ಸಾಲದು?

ಮೈಸೂರಿನ ವಿಜಯನಗರದಂಥ ಬಡಾವಣೆಯಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಹೈಲೈಟರ್ ಹಿಡಿದ ಮಕ್ಕಳು. ಪುಟವೆಲ್ಲ ಹಳದಿ. ಪುಸ್ತಕ ಮುಚ್ಚಿ ಕೇಳಿದರೆ ಉತ್ತರವಿಲ್ಲ. ಇದು ದಡ್ಡತನವಲ್ಲ. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ, ಆ ಪರಿಚಯವನ್ನೇ ನಾವು "ಗೊತ್ತು" ಎಂದುಕೊಳ್ಳುತ್ತೇವೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಒಂದು ಗುಂಪು ಒಂದೇ ಪಠ್ಯವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೋಡದೆ ನೆನಪಿಸಿಕೊಂಡು ಬರೆಯಿತು. ವಾರದ ಬಳಿಕ ಮೊದಲ ಗುಂಪಿಗೆ ಸುಮಾರು ಶೇ 40, ಎರಡನೆಯದಕ್ಕೆ ಶೇ 61 ನೆನಪಿತ್ತು. ಆದರೆ ಹೆಚ್ಚು ನೆನಪಿರುತ್ತದೆ ಎಂಬ ಭರವಸೆ ಇದ್ದದ್ದು ಮೊದಲ ಗುಂಪಿಗೇ!

ಹಂದರ ಹಾಕುವುದು ಹೇಗೆ?

ಬಳ್ಳಿ ಹಬ್ಬಲು ಹಂದರ ಬೇಕಲ್ಲವೇ? ಪಾಠಕ್ಕೂ ಹಾಗೆಯೇ. ಹತ್ತನೇ ತರಗತಿ ವಿಜ್ಞಾನದ "ಜೀವಕ್ರಿಯೆಗಳು" ಪಾಠವನ್ನೇ ನೋಡೋಣ.

1. ಓದುವ ಮುನ್ನ ತಲೆಬರಹಗಳನ್ನಷ್ಟೇ ಬರೆದುಕೊಳ್ಳಿ: ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ. ಇಡೀ ಪಾಠದ ಅಸ್ಥಿಪಂಜರ ಈ ನಾಲ್ಕೇ ಪದ.
2. ಪ್ರತಿ ತಲೆಬರಹವನ್ನು ಪ್ರಶ್ನೆಯಾಗಿಸಿ. "ಸಾಗಾಣಿಕೆ" ಎಂಬುದರ ಕೆಳಗೆ "ನಮ್ಮ ಹೃದಯಕ್ಕೆ ನಾಲ್ಕು ಕೋಣೆ ಏಕೆ?" ಎಂದು ಬರೆಯಿರಿ.
3. ಒಂದು ಭಾಗ ಓದಿ, ಪುಸ್ತಕ ಮುಚ್ಚಿ. ಉತ್ತರವನ್ನು ನಿಮ್ಮದೇ ಮಾತಿನಲ್ಲಿ ಒಂದೆರಡು ಸಾಲು ಬರೆಯಿರಿ: "ಆಮ್ಲಜನಕ ಇರುವ ರಕ್ತವೂ ಇಲ್ಲದ ರಕ್ತವೂ ಬೆರೆಯದಿರಲಿ ಎಂದು."
4. ಮರುದಿನ, ಮತ್ತೆ ಒಂದು ವಾರದ ನಂತರ, ಖಾಲಿ ಹಾಳೆಯಲ್ಲಿ ಅದೇ ಹಂದರವನ್ನು ನೋಡದೆ ಬರೆಯಿರಿ. ಬಿಟ್ಟುಹೋದ ಭಾಗವನ್ನಷ್ಟೇ ಪುನಃ ಓದಿ.

ಒಂದು ಎಚ್ಚರಿಕೆ

ಪುಸ್ತಕ ತೆರೆದಿಟ್ಟು ಸಾಲುಗಳನ್ನು ನೋಟ್ಸಿಗೆ ಇಳಿಸಿದರೆ ಅದು ಬರೀ ನಕಲು. ಓದಿನ ವಿಧಾನಗಳ ಕುರಿತ 2013ರ ಪ್ರಸಿದ್ಧ ವಿಮರ್ಶೆಯೊಂದು ಗೆರೆ ಎಳೆಯುವುದು, ಮರು ಓದು ಮಾತ್ರವಲ್ಲ, ತರಬೇತಿಯಿಲ್ಲದೆ ಸಾರಾಂಶ ಬರೆಯುವುದನ್ನೂ ಕಡಿಮೆ ಉಪಯುಕ್ತ ಎಂದಿತು. ಹೆಚ್ಚು ಅಂಕ ಪಡೆದದ್ದು ಎರಡು: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು. ಹಂದರ ಈ ಎರಡಕ್ಕೂ ದಾರಿಯಾದರೆ ಮಾತ್ರ ಫಲ.

ಇದು ಶಾಲೆಯ ಮಕ್ಕಳಿಗಷ್ಟೇ ಅಲ್ಲ. ವಿಜಯನಗರದಿಂದ ಹೆಚ್ಚು ದೂರವಿಲ್ಲದ ಮುಕ್ತಗಂಗೋತ್ರಿಯಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಕೆಲಸ ಮುಗಿಸಿ, ರಾತ್ರಿ ಒಂಟಿಯಾಗಿ ಪುಸ್ತಕ ಹಿಡಿಯುವ ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ಪಕ್ಕದಲ್ಲಿ ಮೇಷ್ಟ್ರಿರುವುದಿಲ್ಲ. ಅವರನ್ನು ಪ್ರಶ್ನೆ ಕೇಳುವ ಮೇಷ್ಟ್ರು ಆ ಒಂದು ಹಾಳೆಯೇ.

ಆ ತ್ರಿಕೋನದ ಚಿತ್ರ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಬದಲಿಗೆ ಮನೆಯ ಮಗುವಿಗೆ ಒಂದು ಖಾಲಿ ಹಾಳೆ ಕೊಟ್ಟು, "ಇವತ್ತಿನ ಪಾಠದಲ್ಲಿ ಏನೇನಿತ್ತು, ಬರಿ ನೋಡೋಣ" ಎನ್ನಿ.