ಕ್ಯಾಸಿನೋ: ಜೂಜುಮನೆಯ ಲೆಕ್ಕ, ನೋಡುಗರ ತಕರಾರು

1995ರ ನವೆಂಬರ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆ ಕಂಡ 'ಕ್ಯಾಸಿನೋ' ಚಿತ್ರದ ಬಗ್ಗೆ ನೋಡುಗರ ಜಗಳ ಮೂವತ್ತು ವರ್ಷ ಕಳೆದರೂ ಮುಗಿದಿಲ್ಲ. ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ಚಿತ್ರಗಳಲ್ಲಿ ಇದೇ ಮೇಲು ಎನ್ನುವವರು ಒಂದು ಕಡೆ. ಇದೇ ನಿರ್ದೇಶಕ, ಇದೇ ಲೇಖಕ, ಇದೇ ಇಬ್ಬರು ನಟರು ಐದು ವರ್ಷ ಮೊದಲು 'ಗುಡ್‌ಫೆಲಾಸ್' ಎಂಬ ಹೆಸರಿನಲ್ಲಿ ಬಡಿಸಿದ್ದ ಅಡುಗೆಯನ್ನೇ ಮತ್ತೊಮ್ಮೆ ಬಿಸಿ ಮಾಡಿ ಕೊಟ್ಟಿದ್ದಾರೆ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಚಿತ್ರವನ್ನು ಕಣ್ಣು ಮಿಟುಕಿಸದೆ ನೋಡಿರುತ್ತಾರೆ ಎನ್ನುವುದೇ ಮಜಾ!

ಮೊದಲು ಕಥೆ ಏನೆಂದು ನೋಡೋಣ. ಸ್ಯಾಮ್ ರೋಥ್‌ಸ್ಟೀನ್ (ರಾಬರ್ಟ್ ಡಿ ನಿರೋ) ಪಂದ್ಯಗಳ ಫಲಿತಾಂಶವನ್ನು ಮುಂಚೆಯೇ ಅಂದಾಜು ಮಾಡುವುದರಲ್ಲಿ ನಿಪುಣ. ಅವನ ಅಂದಾಜಿನಿಂದ ಹಣ ಮಾಡಿಕೊಂಡ ಮಾಫಿಯಾ ಯಜಮಾನರು ಅವನನ್ನು ನೆವಾಡಾ ರಾಜ್ಯದ ಲಾಸ್ ವೇಗಸ್ ನಗರಕ್ಕೆ ಕಳಿಸಿ 'ಟ್ಯಾಂಜಿಯರ್ಸ್' ಎಂಬ ಜೂಜುಮನೆಯ ಉಸ್ತುವಾರಿ ವಹಿಸುತ್ತಾರೆ. ಅವನ ಬೆನ್ನ ಹಿಂದೆಯೇ ಬಾಲ್ಯದ ಗೆಳೆಯ, ಕೈ ಎತ್ತಿದರೆ ಕೊಲೆಯೇ ಎನ್ನುವಂಥ ನಿಕ್ಕಿ (ಜೋ ಪೆಸ್ಕಿ) ಬರುತ್ತಾನೆ. ಸ್ಯಾಮ್ ಮದುವೆಯಾಗುವುದು ಜಿಂಜರ್ (ಶರೋನ್ ಸ್ಟೋನ್) ಎಂಬ ಚೆಲುವೆಯನ್ನು. ಅವಳ ಮನಸ್ಸು ಇನ್ನೊಬ್ಬನ ಹತ್ತಿರ. ಮೂವರೂ ಸೇರಿ ಬಂಗಾರದ ಮೊಟ್ಟೆ ಇಡುವ ಕೋಳಿಯ ಕತ್ತು ಹಿಸುಕುತ್ತಾರೆ. ಕಥೆ ಇಷ್ಟೇ.

ಇಷ್ಟಕ್ಕೆ 178 ನಿಮಿಷ ಬೇಕಿತ್ತೇ? ನೋಡುಗರ ಮೊದಲ ತಕರಾರೇ ಇದು. ಎರಡನೆಯದು ಹಿನ್ನೆಲೆಯ ಮಾತು. ಸ್ಯಾಮ್ ಮಾತಾಡುತ್ತಾನೆ, ನಿಕ್ಕಿ ಮಾತಾಡುತ್ತಾನೆ, ಕಾಣುವುದನ್ನೆಲ್ಲ ಕಿವಿಗೂ ಹೇಳುತ್ತಾರೆ. ಮೊದಲ ಒಂದು ಗಂಟೆ ಸಿನಿಮಾ ನೋಡಿದಂತಿಲ್ಲ, ಸಾಕ್ಷ್ಯಚಿತ್ರ ನೋಡಿದಂತಿದೆ. ಕಥೆ ಶುರುವಾಗುವುದೇ ಮದುವೆಯ ನಂತರ ಎಂದು ದೂರುವವರು ಬಹಳ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಆ ಮೊದಲ ಗಂಟೆಯೇ ಈ ಚಿತ್ರದ ಜೀವ. ಉಳಿದದ್ದು ಗಂಡ ಹೆಂಡಿರ ಜಗಳ ಮತ್ತು ಹೆಣಗಳು. ಅಂಥದ್ದು ನೂರು ಚಿತ್ರಗಳಲ್ಲಿ ಸಿಗುತ್ತದೆ.

ಆ ಗಂಟೆಯಲ್ಲಿ ಏನಿದೆ? ಜೂಜಿನ ವ್ಯಾಪಾರದ ಒಳಗಿನ ವ್ಯವಸ್ಥೆ ಇದೆ. ಇಸ್ಪೀಟು ಹಂಚುವವನು ಆಟಗಾರನನ್ನು ಗಮನಿಸುತ್ತಾನೆ. ಹಂಚುವವನನ್ನು ಅವನ ಮೇಲಿನವನು, ಅವನನ್ನು ಇನ್ನೂ ಮೇಲಿನವನು, ಹೀಗೆ ಏಣಿಯಂತೆ ಹೋಗಿ ಕೊನೆಗೆ ಎಲ್ಲರನ್ನೂ ಚಾವಣಿಯ ಕ್ಯಾಮೆರಾ ನೋಡುತ್ತಿರುತ್ತದೆ. ಯಾರೂ ಯಾರನ್ನೂ ನಂಬದ ಜಾಗ ಅದು. ಎಲ್ಲರ ಕಣ್ಣೂ ತಪ್ಪಿಸಿದ ಒಂದೇ ಒಂದು ಜಾಗ ಎಂದರೆ ಹಣ ಎಣಿಸುವ ಕೋಣೆ. ಅಲ್ಲಿಗೆ ಒಬ್ಬ ಖಾಲಿ ಕೈಚೀಲ ಹಿಡಿದು ಬರುತ್ತಾನೆ. ನೋಟಿನ ಕಟ್ಟು ತುಂಬಿಕೊಂಡು ಯಾರ ಜೊತೆಯೂ ಮಾತಾಡದೆ ಹೊರಡುತ್ತಾನೆ. ವಿಮಾನ ಹತ್ತಿ ಕಾನ್ಸಸ್ ಸಿಟಿಗೆ ಹೋದರೆ, ಅಲ್ಲಿ ಒಂದು ಕಿರಾಣಿ ಅಂಗಡಿಯ ಹಿಂದೆ ಮುದುಕ ಯಜಮಾನರು ಊಟಕ್ಕೆ ಕುಳಿತಿರುತ್ತಾರೆ.

ಇದಕ್ಕೆ ಅಲ್ಲಿಯವರು ಇಟ್ಟ ಹೆಸರು 'ಸ್ಕಿಮ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೆನೆ ತೆಗೆಯುವುದು. ಹಾಲು ಡೇರಿಗೆ ಹೋಗುವ ಮೊದಲೇ ಕೆನೆ ತೆಗೆದರೆ ಲೆಕ್ಕದ ಪುಸ್ತಕದಲ್ಲಿ ಕೆನೆ ಇತ್ತೆಂಬ ಗುರುತೇ ಇರುವುದಿಲ್ಲವಲ್ಲ, ಹಾಗೆ. ಎಣಿಕೆಗೆ ಮುಂಚೆ ತೆಗೆದ ಹಣಕ್ಕೆ ತೆರಿಗೆ ಇಲ್ಲ, ಪಾಲುದಾರರಿಗೆ ಉತ್ತರ ಕೊಡಬೇಕಿಲ್ಲ. ಚಿತ್ರ ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತದೆ: ಕದಿಯಲು ನೇಮಿಸಿದವನು ತನಗಾಗಿಯೂ ಒಂದಿಷ್ಟು ಕದಿಯುತ್ತಾನೆ. ಯಜಮಾನರಿಗೆ ತಲೆನೋವು ಶುರುವಾಗುವುದು ಪೊಲೀಸರಿಂದಲ್ಲ, ಈ ಸೋರಿಕೆಯಿಂದ.

ಇದೆಲ್ಲ ಕಟ್ಟುಕಥೆ ಅಲ್ಲ. ನೆವಾಡಾದಲ್ಲಿ ಜೂಜು 1931ರಿಂದಲೇ ಕಾನೂನುಬದ್ಧ. ಆದರೆ ಜೂಜುಮನೆ ಕಟ್ಟಲು ಸಾಲ ಕೊಡುವ ವಿಷಯದಲ್ಲಿ ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತಿದ್ದವು. ಆ ಜಾಗ ತುಂಬಿದ್ದು ಟೀಮ್‌ಸ್ಟರ್ಸ್ ಎಂಬ ಲಾರಿ ಚಾಲಕರ ದೊಡ್ಡ ಕಾರ್ಮಿಕ ಸಂಘದ ಪಿಂಚಣಿ ನಿಧಿ. ನಿಧಿಯ ಮೇಲೆ ಮಾಫಿಯಾದ ಹಿಡಿತವಿತ್ತು. 1974ರಲ್ಲಿ ಅಲೆನ್ ಗ್ಲಿಕ್ ಎಂಬ ಉದ್ಯಮಿಗೆ 6 ಕೋಟಿ ಡಾಲರ್‌ಗೂ ಮೀರಿದ ಸಾಲ ಇದೇ ನಿಧಿಯಿಂದ ಸಿಕ್ಕಿತು. ಅದರಿಂದ ಸ್ಟಾರ್‌ಡಸ್ಟ್ ಮತ್ತಿತರ ಜೂಜುಮನೆಗಳು ಅವರ ಕೈಗೆ ಬಂದವು. ಕಾಗದದ ಮೇಲೆ ಯಜಮಾನ ಗ್ಲಿಕ್. ನಡೆಸುತ್ತಿದ್ದವನು ಶಿಕಾಗೋ ಮಾಫಿಯಾದ ಆಪ್ತ ಫ್ರಾಂಕ್ ರೋಸೆಂಥಾಲ್. ಈ ರೋಸೆಂಥಾಲ್‌ನೇ ಚಿತ್ರದ ಸ್ಯಾಮ್. ಸ್ಟಾರ್‌ಡಸ್ಟ್ ಚಿತ್ರದ ಟ್ಯಾಂಜಿಯರ್ಸ್. ಅಂದರೆ ಹೆದ್ದಾರಿಯಲ್ಲಿ ಹಗಲಿರುಳು ಲಾರಿ ಓಡಿಸಿದವರು ಮುಪ್ಪಿಗೆಂದು ಕೂಡಿಟ್ಟ ದುಡ್ಡಿನಿಂದ ಎದ್ದು ನಿಂತದ್ದು ಈ ದೀಪಗಳ ಅರಮನೆ! ಚಿತ್ರ ಇದನ್ನು ಒಂದೆರಡು ಮಾತಿನಲ್ಲಿ ದಾಟಿಸಿಬಿಡುತ್ತದೆ. ಇನ್ನಷ್ಟು ಹೇಳಬಹುದಿತ್ತು.

ನಿಕ್ಕಿಯ ಮೂಲ ಟೋನಿ ಸ್ಪಿಲೋಟ್ರೋ. 1982ರ ಅಕ್ಟೋಬರ್‌ನಲ್ಲಿ ರೋಸೆಂಥಾಲ್‌ನ ಕಾರಿನಲ್ಲಿ ಬಾಂಬು ಸಿಡಿಯಿತು. ಚಾಲಕನ ಆಸನದ ಕೆಳಗೆ ಲೋಹದ ತಟ್ಟೆ ಇದ್ದದ್ದರಿಂದ ಜೀವ ಉಳಿಯಿತು. ಚಿತ್ರದ ಆರಂಭದ ಸ್ಫೋಟ ಇದೇ. ಅಲ್ಲಿ ಇಸವಿ 1983 ಎಂದು ತೋರಿಸಿದ್ದಾರೆ. ಸ್ಪಿಲೋಟ್ರೋ ಮತ್ತು ಅವನ ತಮ್ಮ 1986ರ ಜೂನ್‌ನಲ್ಲಿ ಕೊಲೆಯಾದರು. ಇಂಡಿಯಾನಾ ರಾಜ್ಯದ ಜೋಳದ ಹೊಲದಲ್ಲಿ ಹೂತ ಹೆಣಗಳು ಸಿಕ್ಕವು. ಚಿತ್ರದಲ್ಲಿ ಹೊಲದಲ್ಲೇ ಬಡಿದು ಹೂಳುವ ದೃಶ್ಯವಿದೆ. ಹೊಡೆದದ್ದು ಹೊಲದಲ್ಲಲ್ಲ, ಶಿಕಾಗೋ ಹತ್ತಿರದ ಒಂದು ಮನೆಯ ನೆಲಮಾಳಿಗೆಯಲ್ಲಿ ಎನ್ನುವುದು 2007ರ ವಿಚಾರಣೆಯಲ್ಲಿ ಹೊರಬಿತ್ತು. ಚಿತ್ರ ಬಂದು ಹನ್ನೆರಡು ವರ್ಷದ ಮೇಲೆ ಬಂದ ಸಾಕ್ಷ್ಯ, ನಿರ್ದೇಶಕರನ್ನು ದೂರಿ ಫಲವಿಲ್ಲ. ಕೆನೆ ತಿಂದ ಮಾಫಿಯಾ ಮುಖಂಡರು 1986ರಲ್ಲಿ ಕಾನ್ಸಸ್ ಸಿಟಿಯ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಜೈಲು ಸೇರಿದರು. ಅವರನ್ನು ಹಿಡಿದುಕೊಟ್ಟದ್ದು ಅವರದೇ ಮಾತು. ತನಿಖಾ ಸಂಸ್ಥೆ ಎಫ್‌ಬಿಐ ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿತ್ತು.

ಒಂದು ಸ್ವಾರಸ್ಯ ಹೇಳಲೇಬೇಕು. ಸ್ಪಿಲೋಟ್ರೋ ಮತ್ತು ರೋಸೆಂಥಾಲ್ ಪರ ವಾದಿಸುತ್ತಿದ್ದ ವಕೀಲ ಆಸ್ಕರ್ ಗುಡ್‌ಮನ್ ಈ ಚಿತ್ರದಲ್ಲಿ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾರೆ. 1999ರಲ್ಲಿ ಅದೇ ವಕೀಲರನ್ನು ಲಾಸ್ ವೇಗಸ್ ಜನ ಮೇಯರ್ ಆಗಿ ಆರಿಸಿದರು. 2011ರವರೆಗೆ ಕುರ್ಚಿಯಲ್ಲಿದ್ದರು!

ಮತ್ತೆ ನೋಡುಗರ ತಕರಾರಿಗೆ ಬರೋಣ. ಹಿಂಸೆ ಅತಿಯಾಯಿತು ಎನ್ನುವುದು ಮೂರನೆಯದು. ಒಬ್ಬನ ತಲೆಯನ್ನು ವರ್ಕ್‌ಶಾಪಿನ ವೈಸ್‌ಗೆ ಸಿಕ್ಕಿಸುವ ದೃಶ್ಯ ನೋಡಿ ಎದ್ದು ಹೋದವರಿದ್ದರೆ ಆಶ್ಚರ್ಯವಿಲ್ಲ. ಬೈಗುಳವಂತೂ ಕಿವಿ ಮುಚ್ಚಿಕೊಳ್ಳುವಷ್ಟು. ಆದರೆ ಒಂದು ವ್ಯತ್ಯಾಸ ಗಮನಿಸಿ. ನಮ್ಮ ಕನ್ನಡ, ತೆಲುಗು, ತಮಿಳು ರೌಡಿ ಚಿತ್ರಗಳಲ್ಲಿ ಮಚ್ಚು ಬೀಸಿದರೆ ಹಿನ್ನೆಲೆಯಲ್ಲಿ ಡೋಲು, ನಿಧಾನಗತಿ, ಶಿಳ್ಳೆ. ಇಲ್ಲಿ ಹೊಡೆತಕ್ಕೆ ಸೊಗಸೇ ಇಲ್ಲ. ಜೋಳದ ಹೊಲದ ದೃಶ್ಯಕ್ಕೆ ಶಿಳ್ಳೆ ಹೊಡೆಯಲು ಯಾರಿಗೂ ಮನಸ್ಸು ಬಾರದು. ಅದು ಚಿತ್ರದ ದೋಷ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಜಿಂಜರ್ ಬಗ್ಗೆಯೂ ಎರಡು ಪಕ್ಷ. ಕೂಗಾಟ ಹೆಚ್ಚು, ಕೊನೆಯ ಗಂಟೆ ಎಳೆದಾಡಿದೆ ಎನ್ನುವ ದೂರಿನಲ್ಲಿ ಹುರುಳಿದೆ. ಅದೇ ಬಾಗಿಲು, ಅದೇ ಫೋನು, ಅದೇ ಜಗಳ ಎರಡು ಸಲ ಸಾಕಿತ್ತು. ಆದರೆ ಶರೋನ್ ಸ್ಟೋನ್ ಅಭಿನಯವನ್ನು ತೆಗಳುವವರು ವಿರಳ. ಆ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಬಂತು, ಆಸ್ಕರ್‌ಗೆ ನಾಮಕರಣವಾಯಿತು. ಇಡೀ ಚಿತ್ರಕ್ಕೆ ದಕ್ಕಿದ ಆಸ್ಕರ್ ನಾಮಕರಣ ಅದೊಂದೇ. ಡಿ ನಿರೋ, ಪೆಸ್ಕಿ ಎಂಬ ಎರಡು ಆನೆಗಳ ನಡುವೆ ನಿಂತು ಗೆದ್ದದ್ದು ಆಕೆ.

ವಿಚಿತ್ರವೆಂದರೆ ಇಷ್ಟೆಲ್ಲ ಚರ್ಚೆಯಲ್ಲಿ ಒಬ್ಬನ ಹೆಸರು ಬರುವುದೇ ಇಲ್ಲ. ಸ್ಯಾಮ್ ಸರಿಯೋ ನಿಕ್ಕಿ ಸರಿಯೋ, ಜಿಂಜರ್ ಮೋಸಗಾತಿಯೋ ನತದೃಷ್ಟೆಯೋ ಎಂದು ಜಗಳವಾಡುತ್ತಾರೆ. ಆದರೆ ಈ ಮೂವರ ಬಂಗಲೆ, ಕಾರು, ವಜ್ರ, ಆ ಕೈಚೀಲ ಇದಕ್ಕೆಲ್ಲ ದುಡ್ಡು ಕೊಟ್ಟವನು ಯಾರು? ಸೋತ ಆಟಗಾರ. ಚಿತ್ರದಲ್ಲಿ ಅವನಿಗೆ ಮುಖವೇ ಇಲ್ಲ ಎನ್ನಬಹುದು. ಇರುವುದು ಒಬ್ಬ ಜಪಾನೀ ಸಿರಿವಂತ ಮಾತ್ರ. ಅವನು ದೊಡ್ಡ ಮೊತ್ತ ಗೆದ್ದು ಹೊರಟಾಗ ವಿಮಾನ ಕೆಟ್ಟಿದೆ ಎಂದು ಸುಳ್ಳು ಹೇಳಿ ವಾಪಸ್ ಕರೆತರುತ್ತಾರೆ. ಸಣ್ಣ ಪಣದಿಂದ ಶುರು ಮಾಡಿದವನು ಮತ್ತೆ ದೊಡ್ಡದಕ್ಕೆ ಏರಿ, ಗೆದ್ದದ್ದನ್ನೂ ಕಳೆದು, ಮೇಲೆ ಹತ್ತು ಲಕ್ಷ ಡಾಲರ್ ಕಳೆದುಕೊಳ್ಳುತ್ತಾನೆ. ಅವನನ್ನು ಯಾರೂ ಹೊಡೆಯುವುದಿಲ್ಲ, ಬೆದರಿಸುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಆಡುವಂತೆ ಮಾಡುತ್ತಾರೆ, ಅಷ್ಟೇ.

ಯಾಕೆ ಅಷ್ಟೇ ಸಾಕು? ಲೆಕ್ಕ ನೋಡಿ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆ. ಪ್ರತಿ ಮನೆಯ ಮೇಲೂ ಒಂದೊಂದು ರೂಪಾಯಿ ಇಟ್ಟರೆ 38 ರೂಪಾಯಿ ಖರ್ಚು. ಚಕ್ರ ಎಲ್ಲಿ ನಿಂತರೂ ಕೈಗೆ ಬರುವುದು 36. ಎರಡು ರೂಪಾಯಿ ಮನೆಯವರದು, ಅಂದರೆ ನೂರಕ್ಕೆ ಐದು ಚಿಲ್ಲರೆ. ಮೋಸ ಬೇಕಿಲ್ಲ, ಚಕ್ರ ತಿರುಗುತ್ತಿದ್ದರೆ ಸಾಕು.

ಈ ಲೆಕ್ಕ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಓದುಗರಿಗೆ ಪರಕೀಯವಲ್ಲ. ಮರಾಠಿಯಲ್ಲಿ ಆಕಡಾ, ಗಡಿಯ ಆಚೆ ಕರ್ನಾಟಕದಲ್ಲಿ ಓಸಿ, ಎಲ್ಲೆಡೆ ಮಟ್ಕಾ. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ದರ ಮುಂಬಯಿಗೆ ತಂತಿಯ ಮೂಲಕ ಬರುತ್ತಿದ್ದ ಕಾಲದಲ್ಲಿ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಪಣ ಕಟ್ಟುವುದರಿಂದ ಹುಟ್ಟಿದ ಆಟ ಇದು. 'ಓಪನ್', 'ಕ್ಲೋಸ್' ಎಂಬ ಮಾತು ಇವತ್ತಿಗೂ ಉಳಿದಿದೆ. 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಇದನ್ನು ದೊಡ್ಡ ದಂಧೆ ಮಾಡಿದರು. ಖತ್ರಿಯ ಛಾಯೆ 1975ರ ಹಿಂದಿ ಚಿತ್ರ 'ಧರ್ಮಾತ್ಮ'ದ ಹಿರಿಯ ಪಾತ್ರದಲ್ಲಿ ಇದೆ ಎಂದು ಆಗಿನಿಂದಲೂ ಮಾತಿದೆ. 2024ರಲ್ಲಿ 'ಮಟ್ಕಾ' ಹೆಸರಿನ ತೆಲುಗು ಚಿತ್ರವೂ ಬಂತು.

ಈಗ ಗುಣಿಸಿ. ಮಟ್ಕಾದಲ್ಲಿ ಅಂಕಿ ಹತ್ತು, ಗೆದ್ದರೆ ರೂಪಾಯಿಗೆ ಒಂಬತ್ತು. ಜೋಡಿ ನೂರು, ಗೆದ್ದರೆ ರೂಪಾಯಿಗೆ ತೊಂಬತ್ತು. ಅಂಕಿ ತೆಗೆಯುವವನು ಹರಿಶ್ಚಂದ್ರನೇ ಎಂದು ಇಟ್ಟುಕೊಂಡರೂ ನೂರಕ್ಕೆ ಹತ್ತು ಅವನ ಜೇಬಿಗೆ. ಲಾಸ್ ವೇಗಸ್ ಚಕ್ರ ಕೀಳುವುದರ ಹತ್ತಿರ ಹತ್ತಿರ ಎರಡು ಪಟ್ಟು! ಹವಾನಿಯಂತ್ರಣ ಇಲ್ಲ, ಪುಕ್ಕಟೆ ಕೋಣೆ ಇಲ್ಲ, ಚಹಾದಂಗಡಿಯ ಬೆಂಚಿನ ಮೇಲೆ ಒಂದು ಚೀಟಿ. ದಿನಕ್ಕೆ ನೂರು ರೂಪಾಯಿ ಆಡುವ ಕೂಲಿಯವನು ವರ್ಷದಲ್ಲಿ 300 ದಿನ ಆಡಿದರೆ ಸರಾಸರಿ 3,000 ರೂಪಾಯಿ ಹೋಗಬೇಕೆಂದು ಲೆಕ್ಕ ಹೇಳುತ್ತದೆ. ನಡೆಯುವುದು ಅದಕ್ಕಿಂತ ಕೆಟ್ಟದಾಗಿ, ಏಕೆಂದರೆ ಗೆದ್ದ ದಿನದ ದುಡ್ಡು ಮನೆಗೆ ಬರುವುದಿಲ್ಲ, ಮರುದಿನದ ಚೀಟಿಗೆ ಹೋಗುತ್ತದೆ. ಕನಸಿನಲ್ಲಿ ಹಾವು ಬಂದರೆ ಯಾವ ಅಂಕಿ, ಹೆಣ ಬಂದರೆ ಯಾವ ಅಂಕಿ ಎಂದು ಕೇಳುವವರನ್ನು ನಾವೆಲ್ಲ ನೋಡಿದ್ದೇವೆ. ಜಪಾನೀ ಸಿರಿವಂತನ ಕಥೆಯೂ ಅದೇ; ಅವನಿಗೆ ವಿಮಾನ ಇತ್ತು, ನಮ್ಮವನಿಗೆ ಇರುವುದು ಹೆಂಡತಿಯ ತಾಳಿ. ಹಣ ಪಣಕ್ಕಿಡುವ ಮೊಬೈಲ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಮಟ್ಕಾಕ್ಕೆ ಕಾನೂನಿನ ತಡೆ ಎಂದಿನಿಂದಲೋ ಇದೆ. ತಡೆ ಎಷ್ಟು ತಡೆದಿದೆ ಎನ್ನುವುದು ಊರಿನವರಿಗೆ ಗೊತ್ತು.

ಚಿತ್ರದ ಮುಕ್ತಾಯದ ಬಗ್ಗೆ ಕೊನೆಯ ತಕರಾರು. ಮಾಫಿಯಾ ಹೋಯಿತು, ಆದರೆ ಒಳ್ಳೆಯವರು ಗೆಲ್ಲಲಿಲ್ಲ, ಇದೆಂಥ ಅಂತ್ಯ ಎನ್ನುತ್ತಾರೆ. ಹಳೆಯ ಜೂಜುಮನೆಗಳನ್ನು ಬಾಂಬಿಟ್ಟು ಕೆಡವುತ್ತಾರೆ, ದೊಡ್ಡ ಕಂಪನಿಗಳು ಬರುತ್ತವೆ, ಬಾಗಿಲಿನಿಂದ ಮುದುಕ ಮುದುಕಿಯರ ಹಿಂಡು ಒಳಗೆ ನಡೆದು ಬರುತ್ತದೆ. ಸೋಲಲಿರುವವರ ಮುಖ ಪರದೆ ತುಂಬ ಕಾಣುವುದು ಆಗಲೇ. ಸ್ಯಾಮ್ ಮಾತ್ರ ದಪ್ಪ ಕನ್ನಡಕ ಹಾಕಿಕೊಂಡು ಮೊದಲಿನಂತೆ ಪಂದ್ಯಗಳ ಅಂದಾಜು ಹಾಕುತ್ತ ಕುಳಿತಿರುತ್ತಾನೆ. ನಿಜವಾದ ರೋಸೆಂಥಾಲ್ 2008ರಲ್ಲಿ ಫ್ಲಾರಿಡಾದಲ್ಲಿ ತೀರಿಕೊಂಡ. ಸ್ಟಾರ್‌ಡಸ್ಟ್ 2006ರಲ್ಲಿ ಮುಚ್ಚಿ 2007ರಲ್ಲಿ ನೆಲಸಮವಾಯಿತು. ಚಿತ್ರೀಕರಣ ನಡೆದ ರಿವಿಯೇರಾ 2016ರಲ್ಲಿ ಉರುಳಿತು.

ನೋಡುವುದಾದರೆ ಮಕ್ಕಳು ಮಲಗಿದ ಮೇಲೆ ನೋಡಿ. ತಡವಾಗಿ ಬಂದು ಕೂರಬೇಡಿ. ಹಣ ಎಣಿಸುವ ಕೋಣೆ ಆರಂಭದಲ್ಲೇ ಬರುತ್ತದೆ.