ಸಣ್ಣ ನಳಿಗೆ, ಸರಿಯಾದ ಗುಂಡು

ಒಂದು ಪಾಯಿಂಟ್ ಟೂಟೂ ತೋಟಾ, ಪಕ್ಕದಲ್ಲಿ ಒಂದು .223 ರೆಮಿಂಗ್‌ಟನ್ ತೋಟಾ. ಅಂಗೈಯಲ್ಲಿಟ್ಟು ನೋಡಿದರೆ ಎರಡರ ಗುಂಡೂ ಹೆಚ್ಚುಕಡಿಮೆ ಒಂದೇ ದಪ್ಪ, 5.7 ಮಿ.ಮೀ. ಟೆಕ್ಸಾಸಿನಲ್ಲಿ ಮೊದಲನೆಯದರಿಂದ ಬಿಳಿಬಾಲದ ಜಿಂಕೆಗೆ ಈಡು ಹೊಡೆದರೆ ಅಪರಾಧ. ಎರಡನೆಯದಕ್ಕೆ ಅಡ್ಡಿಯಿಲ್ಲ. ದಪ್ಪ ಒಂದೇ ಆದರೂ ಮೊದಲನೆಯದು ನಳಿಗೆ ಬಿಡುವಾಗ ಹೊತ್ತೊಯ್ಯುವ ಶಕ್ತಿ ಸುಮಾರು 180 ಜೂಲ್, ಎರಡನೆಯದು 1,700 ಜೂಲಿಗೂ ಮೇಲೆ.

ಇದೆಲ್ಲ ಅಮೆರಿಕದ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಶಿಕಾರಿ ಜೈಲಿನ ದಾರಿ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ಬೇಟೆಗೆ ಇಲ್ಲ. ಆದರೆ ಬಂಡೀಪುರದ ರಸ್ತೆಬದಿಯಲ್ಲಿ ನಾವು ಕಾಣುವ ಚುಕ್ಕೆ ಜಿಂಕೆಯನ್ನೇ 1932ರಲ್ಲಿ ಟೆಕ್ಸಾಸಿಗೆ ಒಯ್ದು ಬಿಟ್ಟಿದ್ದಾರೆ. ಅಲ್ಲಿ ಅದು ಹೊರಗಿನಿಂದ ಬಂದ ಪ್ರಾಣಿ, ಅದರ ಬೇಟೆಗೆ ಇಂಥದೇ ಋತು ಎಂಬ ಕಟ್ಟುಪಾಡೂ ಇಲ್ಲ.

ದೊಡ್ಡ ಕೋವಿ ಇರುವಾಗ ಸಣ್ಣದೇಕೆ? ಒದೆಯ ಕಾರಣಕ್ಕೆ. .30-06 ರೈಫಲ್ ಭುಜಕ್ಕೆ ಕೊಡುವ ಒದೆಯ ಆರನೇ ಒಂದು ಪಾಲೂ .223 ಕೊಡುವುದಿಲ್ಲ. ಒದೆಗೆ ಹೆದರಿದವರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ, ಭುಜ ಬಿಗಿಯುತ್ತಾರೆ, ಗುಂಡು ಎಲ್ಲಿಗೋ ಹೋಗುತ್ತದೆ. ಹದಿಮೂರರ ಹುಡುಗಿಗೋ ಸಣಕಲು ಮೈಯವರಿಗೋ ದೊಡ್ಡ ಕೋವಿ ಕೊಟ್ಟು ಜಿಂಕೆಯ ಕಾಲು ಮುರಿಸುವುದಕ್ಕಿಂತ, ಸಣ್ಣದನ್ನು ಕೊಟ್ಟು ಎದೆಗೆ ಹೊಡೆಸುವುದು ವಾಸಿ.

ಜಿಂಕೆಗೆ ಎಷ್ಟು ಸಣ್ಣ ಗುಂಡು ಸಾಕೆಂಬುದನ್ನು ಕಾನೂನು ಊರಿಗೊಂದು ಥರ ಅಳೆಯುತ್ತದೆ. ವರ್ಜೀನಿಯಾದಲ್ಲಿ ಜಿಂಕೆಗೆ .23ಕ್ಕಿಂತ ಕಡಿಮೆ ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ದಪ್ಪ) ನಡೆಯುವುದಿಲ್ಲ. ಕೊಲರಾಡೋದಲ್ಲಿ ಕನಿಷ್ಠ .24, ಗುಂಡಿನ ತೂಕ 70 ಗ್ರೇನ್. ಅಂದರೆ ಟೆಕ್ಸಾಸಿನಲ್ಲಿ ಸಲ್ಲುವ .223 ಈ ಎರಡೂ ಕಡೆ ಸಲ್ಲದು. ಅಲ್ಲಿನವರು 1955ರಲ್ಲಿ ಬಂದ .243 ವಿಂಚೆಸ್ಟರ್ ಹಿಡಿಯುತ್ತಾರೆ. (ಗ್ರೇನ್ ಎಂದರೆ 0.065 ಗ್ರಾಂ. ಎರಡು ಗ್ರೇನ್ ಸೇರಿದರೆ ಸುಮಾರಾಗಿ ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ತೂಕ.) ನನ್ನ ತಕರಾರೊಂದಿದೆ. ಕಾನೂನು ದಪ್ಪವನ್ನೂ ತೂಕವನ್ನೂ ಅಳೆಯುತ್ತದೆ, ಏಕೆಂದರೆ ಅವನ್ನು ಅಳೆಯುವುದು ಸುಲಭ. ಜಿಂಕೆ ಅಲ್ಲೇ ಬೀಳುತ್ತದೋ ಮುಳ್ಳುಕಂಟಿಯೊಳಗೆ ಹೋಗಿ ಎರಡು ದಿನ ನರಳಿ ಸಾಯುತ್ತದೋ ಎಂಬುದು ಬಹುಮಟ್ಟಿಗೆ ಗುಂಡಿನ ಹೊಟ್ಟೆಯೊಳಗೆ ಏನಿದೆ ಎಂಬುದರ ಮೇಲೆ ನಿಂತಿದೆ.

ಸಾಮಾನ್ಯ ಗುಂಡೆಂದರೆ ಒಳಗೆ ಸೀಸದ ತಿರುಳು, ಮೇಲೆ ತಾಮ್ರದ ಹೊದಿಕೆ. .223 ತೋಟಾಗಳಲ್ಲಿ ಬಹಳಷ್ಟು ತಯಾರಾಗುವುದು ನೆಲ ಅಗೆಯುವ ಪ್ರೇರಿ ನಾಯಿ, ಕೊಯೋಟಿಗಳಂಥ ಸಣ್ಣ ಪ್ರಾಣಿಗಳಿಗೆ. ಆ ಗುಂಡಿನ ಹೊದಿಕೆ ತೀರ ತೆಳು. ಹಾರ್ನಡಿ ಕಂಪನಿಯ ವಿ-ಮ್ಯಾಕ್ಸ್ ಈ ಜಾತಿಯದು: ತಗುಲಿದ ಕೂಡಲೇ ಒಡೆದು ಪುಡಿಯಾಗಲೆಂದೇ ಮಾಡಿದ್ದು. ಜಿಂಕೆಯ ಭುಜದ ಮೂಳೆಗೆ ಇದು ಬಿದ್ದರೆ ಮೇಲ್ಮಾಂಸದಲ್ಲೇ ಪುಡಿಯಾಗಿ ಅಂಗೈಯಗಲದ ಗಾಯ ಮಾಡಬಹುದು, ಶ್ವಾಸಕೋಶ ಮುಟ್ಟದೇ ಇರಬಹುದು. ನೋಡುವವರಿಗೆ ಭಾರಿ ಹೊಡೆತ; ಜಿಂಕೆಗೆ ಓಡಲು ಮೂರು ಕಾಲು ಸಾಕು.

ಇದಕ್ಕೆ ತದ್ವಿರುದ್ಧ ಸೈನ್ಯದ ಗುಂಡು. ಮೂತಿಯೂ ಸೇರಿ ಪೂರ್ತಿ ಹೊದಿಕೆ ಇರುವುದರಿಂದ ಅದು ಅರಳಬೇಕೆಂದು ಮಾಡಿದ್ದಲ್ಲ, ಸಣ್ಣ ತೂತು ಕೊರೆದು ಹಾದುಹೋಗಬಹುದು. ಇಲ್ಲೊಂದು ವಿಚಿತ್ರವಿದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮೂತಿ ಬಿಚ್ಚಿದ ಗುಂಡು ಮಾಡಿದರು. ಅದು ಮನುಷ್ಯನ ಮೈಯೊಳಗೆ ಅರಳುತ್ತದೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥದನ್ನು ನಿಷೇಧಿಸಿತು. ಜಿಂಕೆಗೆ ನ್ಯಾಯ ತಿರುವುಮುರುವು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ರೈಫಲ್ಲಿನಿಂದ ಹೊಡೆಯುವುದಾದರೆ ಮೆತ್ತನೆ ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡೇ ಆಗಬೇಕೆನ್ನುತ್ತದೆ. ಅರಳುವ ಗುಂಡು ಬೇಗ ಕೊಲ್ಲುತ್ತದೆ, ಅಷ್ಟೇ ಕಾರಣ.

ಹಾಗಾದರೆ ಗುಂಡು ಅರಳಬೇಕು, ಆದರೆ ಚೂರಾಗಬಾರದು. 1946ರಲ್ಲಿ ಕೆನಡಾದ ಕಾಡಿನಲ್ಲಿ ಕೆಸರು ಮೆತ್ತಿಕೊಂಡಿದ್ದ ಮೂಸ್ ಎಂಬ ದೈತ್ಯ ಜಿಂಕೆಯೊಂದು ತನ್ನ ಗುಂಡುಗಳಿಗೆ ಜಗ್ಗದೇ ಇದ್ದಾಗ ಜಾನ್ ನೋಸ್ಲರ್ ಎಂಬ ಬೇಟೆಗಾರ ಇದಕ್ಕೆ ಉಪಾಯ ಹುಡುಕಿದ: ಗುಂಡಿನ ಮಧ್ಯದಲ್ಲಿ ತಾಮ್ರದ ಅಡ್ಡಗೋಡೆ. ಮುಂದಿನ ಕೋಣೆಯ ಸೀಸ ಅರಳಿ ಸವೆಯುತ್ತದೆ, ಹಿಂದಿನ ಕೋಣೆ ಗಟ್ಟಿಯಾಗಿ ಒಳಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂಬ ಈ ಗುಂಡು .223ಕ್ಕೂ 60 ಗ್ರೇನ್ ತೂಕದಲ್ಲಿ ಸಿಗುತ್ತದೆ. ಇನ್ನೊಂದು ಬಗೆಯಲ್ಲಿ ಹೊದಿಕೆ ಬೇರ್ಪಡದಂತೆ ತಿರುಳಿಗೇ ಬೆಸೆದಿರುತ್ತಾರೆ. ಮೂರನೆಯದು ಬಾರ್ನ್ಸ್ ಟಿಎಸ್‌ಎಕ್ಸ್ ಥರದ ಅಪ್ಪಟ ತಾಮ್ರದ್ದು. ಮೂತಿ ನಾಲ್ಕು ಎಸಳಾಗಿ ಬಿರಿಯುತ್ತದೆ, ತೂಕ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. 2019ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸವೇ ನಿಷಿದ್ಧ. ಬೇಟೆಗಾರರು ಬಿಟ್ಟುಹೋದ ಕರುಳು ತಿಂದ ಕಾಂಡೋರ್ ಹದ್ದುಗಳು ಸೀಸದ ನಂಜಿಗೆ ಸಾಯುತ್ತಿದ್ದವು.

ತಾಮ್ರಕ್ಕೆ ಒಂದು ಕಿರಿಕಿರಿ ಉಂಟು. ಅದು ಸೀಸಕ್ಕಿಂತ ಹಗುರ, ಅಷ್ಟೇ ತೂಕ ಬರಬೇಕಾದರೆ ಗುಂಡು ಉದ್ದವಾಗಬೇಕು. ಉದ್ದನೆಯ ಗುಂಡು ನೆಟ್ಟಗೆ ಹೋಗಬೇಕಾದರೆ ಜೋರಾಗಿ ತಿರುಗಬೇಕು. ಬುಗುರಿ ನಿಧಾನವಾದರೆ ತಲೆ ಆಡಿಸುವುದಿಲ್ಲವೇ, ಹಾಗೆ. ನಳಿಗೆಯೊಳಗಿನ ಸುರುಳಿಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಎಂಬುದನ್ನು ಅನೇಕ ರೈಫಲ್‌ಗಳ ನಳಿಗೆಯ ಮೇಲೇ ಕೊರೆದಿರುತ್ತಾರೆ. 12 ಇಂಚಿಗೊಂದು ಸುತ್ತಿನ ಹಳೆಯ ನಳಿಗೆಗೆ 55 ಗ್ರೇನಿನ ಸೀಸದ ಗುಂಡೇ ಸರಿ. 62 ಗ್ರೇನ್ ತಾಮ್ರಕ್ಕೆ 9 ಅಥವಾ 8 ಬೇಕು. ಇದನ್ನು ನೋಡದೆ ದುಬಾರಿ ತೋಟಾ ತಂದು, ಗುರಿ ಚೆದುರಿದಾಗ ಕೋವಿಯನ್ನು ಬೈಯುವವರು ಬೇಕಾದಷ್ಟಿದ್ದಾರೆ.

ದೂರದ ಲೆಕ್ಕವೂ ಬಿಗಿ. 55 ಗ್ರೇನಿನ ಗುಂಡು 180 ಮೀಟರ್ ಹೋಗುವಷ್ಟರಲ್ಲಿ ಶಕ್ತಿ ಅರ್ಧಕ್ಕಿಳಿಯುತ್ತದೆ, ವೇಗ ತಗ್ಗಿದ ಗುಂಡು ಸರಿಯಾಗಿ ಅರಳುವುದೂ ಇಲ್ಲ. .223 ಹಿಡಿದವರಿಗೆ ನೂರು ಮೀಟರಿನ ಆಚೆ ಬೇಡ ಎನ್ನುತ್ತೇನೆ. ಜಿಂಕೆ ಅಡ್ಡಲಾಗಿ ನಿಂತಿರಬೇಕು. ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ, ತಿಂಡಿ ತಟ್ಟೆಯಗಲದ ಜಾಗವೇ ಗುರಿ. ಎದುರಾಗಿ ನಿಂತಿದ್ದರೆ, ಓಡುತ್ತಿದ್ದರೆ ಕೋವಿ ಇಳಿಸಬೇಕು. ಸಣ್ಣ ಗುಂಡು ಅನೇಕ ಸಲ ಆಚೆ ಬದಿಗೆ ಹೊರಬರುವುದಿಲ್ಲ, ರಕ್ತದ ಜಾಡು ಕಡಿಮೆ; ಅರ್ಧ ಗಂಟೆ ಕಾದು ಹುಡುಕಲು ಹೊರಡಬೇಕು.

ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ‘ವಾರ್ಮಿಂಟ್’ (ಕೊಯೋಟಿಯಂಥ ಸಣ್ಣ ಪ್ರಾಣಿಗಳಿಗೆ) ಎಂದಿದ್ದರೆ ಜಿಂಕೆಗೆ ಅದು ಬೇಡವೇ ಬೇಡ. ಹೇಳಿದ್ದನ್ನು ನಂಬದವರು ಹಳೇ ಪತ್ರಿಕೆಗಳನ್ನು ರಾತ್ರಿಯಿಡೀ ನೆನೆಸಿ, ಕಟ್ಟು ಬಿಗಿದು, ಗುರಿ ಅಭ್ಯಾಸದ ಬಯಲಿನಲ್ಲಿ ಮಣ್ಣುದಿಬ್ಬದ ಮುಂದಿಟ್ಟು ವಾರ್ಮಿಂಟ್ ಗುಂಡನ್ನೂ ಪಾರ್ಟಿಷನ್ ಥರದ ಗುಂಡನ್ನೂ ಹೊಡೆಯುತ್ತಾರೆ. ಒಂದರ ಜಾಡಿನಲ್ಲಿ ಮೊದಲ ಕೆಲವು ಇಂಚಿನಲ್ಲೇ ಸೀಸದ ಬೂದಿ, ಹರಿದ ತಾಮ್ರದ ತಗಡು. ಇನ್ನೊಂದಕ್ಕಾಗಿ ಪುಟಗಳನ್ನು ಬಹಳ ಹೊತ್ತು ಬಿಡಿಸುತ್ತಾ ಹೋಗಬೇಕು. ಕೊನೆಗೆ ಕೈಗೆ ಸಿಗುವುದು ಅಣಬೆಯ ಹಾಗೆ ಅರಳಿದ, ಬುಡ ಗಟ್ಟಿಯಾಗಿ ಉಳಿದ ಒಂದೇ ತುಂಡು.